ಗುರ್ ಅಂದ ನಾಯಿಗೆ ಬಡೀಬ್ಯಾಡ್ರಿ

ಓದುಗರ ಪ್ರಶ್ನೆ, ತಜ್ಞರ ಉತ್ತರ

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯಿಂದ ಬಂದ ಪತ್ರಗಳಲ್ಲಿ ಈ ಸಲ ನಾಯಿಯ ಸಂಗತಿಯೇ ಜಾಸ್ತಿ. ರೋಗ, ಲಸಿಕೆ ಕೇಳಿದವರಿಗಿಂತ ‘ನಮ್ಮ ನಾಯಿ ಹಿಂಗ್ಯಾಕ ಮಾಡ್ತದ?’ ಅಂತ ಕೇಳಿದವರು ಹೆಚ್ಚು. ಹಾಗಾಗಿ ಈ ಸಂಚಿಕೆಯ ಪುಟಗಳನ್ನು ನಾಯಿ ಮತ್ತು ಮನುಷ್ಯರ ನಡುವಿನ ಮಾತುಕತೆಗೇ ಮೀಸಲಿಟ್ಟಿದ್ದೇವೆ. ಪಶುವೈದ್ಯರು ಮತ್ತು ನಾಯಿ ತರಬೇತುದಾರರು ಕೂಡಿ ಉತ್ತರಿಸಿದ್ದಾರೆ.

ಪ್ರಶ್ನೆ: ನಮ್ಮ ಲ್ಯಾಬ್ರಡಾರ್‌ಗೆ ಮೂರು ವರ್ಷ. ಇಷ್ಟು ದಿನ ಭಾಳ ಸಮಾಧಾನದಿಂದ ಇತ್ತು. ಈಗ ಉಣ್ಣೂ ಮುಂದ ನಾಲ್ಕು ವರ್ಷದ ನಮ್ಮ ಮಗ ಹತ್ರ ಹೋದ್ರ ಗುರ್ ಅಂತದ. ನಮ್ಮ ಮನೆಯವರು ಬಡದು ಬುದ್ಧಿ ಕಲಿಸ್ಬೇಕು ಅಂತಾರ. ಮಾವನವರು ದಿನಾ ಬೋಗಾಣಿಯೊಳಗ ಕೈ ಹಾಕಿ ರೂಢಿ ಮಾಡಿಸ್ರಿ ಅಂತಾರ. ಯಾರ ಮಾತು ಕೇಳೂಣ್ರಿ?
– ಗೃಹಿಣಿ, ಕೇಶ್ವಾಪುರ, ಹುಬ್ಬಳ್ಳಿ

ಉತ್ತರ: ಇಬ್ಬರ ಮಾತನ್ನೂ ಸದ್ಯಕ್ಕೆ ಬದಿಗಿಡಿ, ತಾಯಿ. ಗುರ್ ಅನ್ನುವುದು ಕೆಟ್ಟತನವಲ್ಲ, ಎಚ್ಚರಿಕೆ. ಅದನ್ನು ಬಡಿದು ನಿಲ್ಲಿಸಿದರೆ ನಾಯಿಯ ಮನಸ್ಸಿನಲ್ಲಿರುವ ಹೆದರಿಕೆ ಹೋಗುವುದಿಲ್ಲ, ಎಚ್ಚರಿಕೆ ಮಾತ್ರ ಹೋಗುತ್ತದೆ. ‘ಒಂದು ಮಾತೂ ಹೇಳದೇ ಏಕಾಏಕಿ ಕಚ್ಚಿತು’ ಅಂತ ನಮ್ಮ ಹತ್ತಿರ ಕರೆತರುವ ನಾಯಿಗಳಲ್ಲಿ ಬಹಳಷ್ಟು, ಗುರ್ ಅಂದಾಗಲೆಲ್ಲ ಏಟು ತಿಂದಂಥವು.

ಗುರ್ ಅನ್ನುವುದಕ್ಕಿಂತ ಮೊದಲೇ ನಾಯಿ ಹಲವು ಸಲ ಹೇಳಿರುತ್ತದೆ. ಮುಖವನ್ನು ಅತ್ತ ಹೊರಳಿಸುತ್ತದೆ. ಊಟದ ವಾಸನೆ ಇಲ್ಲದಾಗಲೂ ಮೂಗು ನೆಕ್ಕಿಕೊಳ್ಳುತ್ತದೆ. ನಿದ್ದೆ ಬಾರದಿದ್ದರೂ ಆಕಳಿಸುತ್ತದೆ. ಒಂದು ಮುಂಗಾಲು ಎತ್ತಿ ಹಿಡಿಯುತ್ತದೆ. ಇಷ್ಟಕ್ಕೂ ಯಾರೂ ಲಕ್ಷ್ಯ ಕೊಡದಿದ್ದರೆ ಕಿವಿ ಹಿಂದಕ್ಕೆ ಒತ್ತಿಕೊಳ್ಳುತ್ತವೆ, ಕಣ್ಣಿನ ಬಿಳಿಭಾಗ ಅರ್ಧಚಂದ್ರದ ಆಕಾರದಲ್ಲಿ ಕಾಣುತ್ತದೆ, ತೆರೆದ ಬಾಯಿ ಮುಚ್ಚುತ್ತದೆ, ಇಡೀ ಮೈ ಕ್ಷಣಕಾಲ ಬಿಗಿಯಾಗಿ ನಿಲ್ಲುತ್ತದೆ. ಊಟದ ಹೊತ್ತಿನಲ್ಲಾದರೆ ತಲೆ ಬೋಗಾಣಿಯ ಮೇಲೆ ಬಗ್ಗಿ, ಗಬಗಬ ನುಂಗುವುದು ಜೋರಾಗುತ್ತದೆ. ಆಮೇಲೆ ತುಟಿ ಮೇಲೇರುತ್ತದೆ, ಗುರ್ ಅನ್ನುತ್ತದೆ, ಗಾಳಿಗೆ ಬಾಯಿ ಹಾಕುತ್ತದೆ. ಕಚ್ಚುವುದು ಕೊನೆಯದು. ಮನೆಯವರೆಲ್ಲ ಈ ಸರಣಿಯನ್ನು ಬಾಯಿಪಾಠ ಮಾಡಿಕೊಳ್ಳಬೇಕು. ಮೈ ಬಿಗಿಯಾಗಿ ನಿಲ್ಲುವ ಆ ಒಂದು ಕ್ಷಣವನ್ನಂತೂ ಮರೆಯಬಾರದು. ಅದರ ನಂತರ ಕೆಲವು ಸಲ ಒಂದೇ ಸೆಕೆಂಡಿನ ಅವಕಾಶ ಇರುತ್ತದೆ.

ಇವತ್ತಿನಿಂದಲೇ ಮಾಡಬೇಕಾದ ಕೆಲಸ: ನಾಯಿಯ ಊಟ ಬೇರೆ ಕೋಣೆಯಲ್ಲಿ, ಬಾಗಿಲು ಮುಚ್ಚಿ. ಉಂಡಾದ ಮೇಲೆ ನಾಯಿಯನ್ನು ಹೊರಗೆ ಬಿಟ್ಟು, ಬೋಗಾಣಿ ಎತ್ತಿಟ್ಟು, ಆಮೇಲೆ ಮಗು ಒಳಗೆ ಬರಲಿ. ನಾಲ್ಕು ವರ್ಷದ ಕೂಸಿಗೆ ‘ಹತ್ತಿರ ಹೋಗಬೇಡ’ ಅಂತ ಹೇಳಿದರೆ ಸಾಲದು, ಬಾಗಿಲೇ ಬೇಕು.

ಮಾವನವರು ಹೇಳಿದ ಕೈ ಹಾಕುವ ರೂಢಿ ತಿರುಗುಬಾಣವಾಗುತ್ತದೆ. ಉಣ್ಣುವಾಗೆಲ್ಲ ಕೈ ಬಂದು ಅನ್ನ ಕಸಿದರೆ ಕೈ ಕಂಡಾಗ ಸಿಟ್ಟು ಬರುವುದೇ ಸಹಜ. ಕೈ ಕಂಡರೆ ಸಂತೋಷವಾಗಬೇಕು, ಪಾಠ ಆ ದಿಕ್ಕಿನಲ್ಲಿ ಹೋಗಬೇಕು. ಇದನ್ನು ದೊಡ್ಡವರೇ ಮಾಡಬೇಕು, ಮಗು ಹತ್ತಿರ ಇರಕೂಡದು. ಬೇಯಿಸಿದ ಕೋಳಿಮಾಂಸ ಇಲ್ಲವೆ ತತ್ತಿಯನ್ನು ಶೇಂಗಾ ಕಾಳಿನಷ್ಟು ಸಣ್ಣ ಚೂರು ಮಾಡಿಟ್ಟುಕೊಳ್ಳಿ. ಎಷ್ಟು ದೂರದಲ್ಲಿ ನಿಂತರೆ ನಾಯಿ ನಿಶ್ಚಿಂತೆಯಿಂದ ಉಣ್ಣುತ್ತದೆ ಅಂತ ಮೊದಲು ನೋಡಿ. 8 ಅಡಿ ಅಂದುಕೊಳ್ಳಿ. ಅಲ್ಲಿಂದ ಒಂದು ಚೂರನ್ನು ಬೋಗಾಣಿಯ ಕಡೆಗೆ ಎಸೆದು, ತಿರುಗಿ ನಡೆದುಬಿಡಿ. ಒಂದು ಊಟಕ್ಕೆ 8-10 ಸಲ ಸಾಕು. ನಿಮ್ಮ ಹೆಜ್ಜೆ ಸಪ್ಪಳಕ್ಕೆ ನಾಯಿ ತಲೆ ಎತ್ತಿ, ಬಾಲ ಸಡಿಲಬಿಟ್ಟು, ಮೆತ್ತಗಿನ ಕಣ್ಣಿನಿಂದ ನಿಮ್ಮನ್ನೇ ಕಾಯತೊಡಗಿದಾಗ ಅರ್ಧ ಅಡಿ ಮುಂದೆ ಬನ್ನಿ. ಹೊಸ ದೂರದಲ್ಲಿ ಮೂರು-ನಾಲ್ಕು ದಿನ ನಿಲ್ಲಿ. ಮೈ ಬಿಗಿಯಾದರೆ, ನುಂಗುವ ವೇಗ ಏರಿದರೆ ನೀವು ಅವಸರ ಮಾಡಿದ್ದೀರಿ, ಎರಡು ಅಡಿ ಹಿಂದೆ ಸರಿಯಿರಿ. ಒಂದೆರಡು ತಿಂಗಳು ಹಿಡಿಯುವ ಕೆಲಸ ಇದು.

ಇನ್ನೊಂದು ಸಂಗತಿ. ಮೂರು ವರ್ಷ ಸುಮ್ಮನಿದ್ದ ನಾಯಿ ಒಮ್ಮೆಲೇ ಬದಲಾದರೆ ನೋವಿದೆಯೋ ನೋಡಬೇಕು. ಹಲ್ಲು, ಕಿವಿ ಸೋರುವುದು, ಸೊಂಟ-ಕೀಲುಗಳನ್ನು ಪಶುವೈದ್ಯರಲ್ಲಿ ತೋರಿಸಿ. ಲ್ಯಾಬ್ರಡಾರ್‌ಗಳಲ್ಲಿ ಕಿವಿಯ ಸೋಂಕು, ಕೀಲುನೋವು ಎರಡೂ ಸಾಮಾನ್ಯ.

ಮಗನಿಗೆ ಈ ವಯಸ್ಸಿನಲ್ಲಿ ಕಲಿಸಬೇಕಾದದ್ದು ಇಷ್ಟೇ: ಉಣ್ಣುವ ನಾಯಿ, ಮಲಗಿದ ನಾಯಿ, ಕಟ್ಟಿಹಾಕಿದ ನಾಯಿ, ಮರಿ ಹಾಕಿದ ನಾಯಿ ಇವುಗಳ ಹತ್ತಿರ ಹೋಗಬಾರದು, ಯಾವ ನಾಯಿಯ ಕೊರಳಿಗೂ ಜೋತುಬೀಳಬಾರದು. ಮುದ್ದು ಮಾಡಬೇಕೆಂದರೆ ನಾಯಿಯೇ ಬರಲಿ. ಎದೆ ಇಲ್ಲವೆ ಭುಜದ ಮೇಲೆ ಮೂರು ಸೆಕೆಂಡು ಸವರಿ ಕೈ ತೆಗೆಯಬೇಕು. ನಾಯಿ ಮತ್ತೆ ಮೈ ಒತ್ತಿದರೆ ಮುಂದುವರಿಸಬಹುದು, ಮುಖ ಹೊರಳಿಸಿದರೆ ಅಲ್ಲಿಗೇ ಮುಗಿಯಿತು. ಮುಚ್ಚಟೆಯಿಂದ ತಬ್ಬುವುದು ನಮಗೆ ಪ್ರೀತಿ. ಬಹುತೇಕ ನಾಯಿಗಳಿಗೆ ಅದು ಹಿಡಿದು ಹಾಕಿದಂತೆ.

ಪ್ರಶ್ನೆ: ಬಾಲ ಅಲ್ಲಾಡಸ್ತಿದ್ದ ನಾಯೀನ ಕಡದ್ರ ಏನ್ ತಿಳ್ಕೋಬೇಕ್ರಿ ಸರ?
– ವಿದ್ಯಾರ್ಥಿ, ಸಪ್ತಾಪುರ, ಧಾರವಾಡ

ಉತ್ತರ: ಬಾಲ ಅಲ್ಲಾಡಿದರೆ ನಾಯಿ ಉದ್ರೇಕಗೊಂಡಿದೆ ಅಂತಷ್ಟೇ ಅರ್ಥ. ಸಂತೋಷದ ಉದ್ರೇಕವೋ ಸಿಟ್ಟಿನದೋ ಅಂತ ತಿಳಿಯಲು ಬಾಲದ ಬುಡ ನೋಡಿ. ಬಾಲದ ಜೊತೆ ಸೊಂಟವೂ ತೂಗುತ್ತಿದ್ದರೆ, ಬಾಯಿ ಸಡಿಲವಾಗಿದ್ದರೆ ಸ್ನೇಹ. ಬಾಲ ಬೆನ್ನಿಗಿಂತ ಮೇಲೆ ನೆಟ್ಟಗೆ ನಿಂತು ತುದಿ ಮಾತ್ರ ಸಣ್ಣಗೆ, ಬಿರುಸಾಗಿ ಅದುರುತ್ತಿದ್ದರೆ, ಭಾರ ಮುಂಗಾಲಿಗೆ ಬಿದ್ದಿದ್ದರೆ ಅಲ್ಲಿಂದ ಸರಿಯಿರಿ. ಕಾಲಸಂದಿಯಲ್ಲಿ ಸೇರಿದ ಬಾಲ ಬೇಗ ಬೇಗ ಅಲ್ಲಾಡುವುದು ಹೆದರಿಕೆ. ಹೆದರಿದ ನಾಯಿಗೆ ಓಡಲು ದಾರಿ ಇಲ್ಲದಿದ್ದರೆ ಅದೂ ಕಚ್ಚುತ್ತದೆ. 2007ರಲ್ಲಿ ಇಟಲಿಯ ವಿಜ್ಞಾನಿಗಳು ಇನ್ನೊಂದನ್ನು ತೋರಿಸಿದರು: ಒಡೆಯನನ್ನು ಕಂಡಾಗ ಬಾಲ ನಾಯಿಯ ಬಲಗಡೆಗೆ ಹೆಚ್ಚು ವಾಲುತ್ತದೆ, ಬೆದರಿಸುವ ಅಪರಿಚಿತ ನಾಯಿಯನ್ನು ಕಂಡಾಗ ಎಡಗಡೆಗೆ. ಆದರೆ ಓಣಿಯಲ್ಲಿ ಬರಿಗಣ್ಣಿಗೆ ಇದು ಸಿಗುವುದು ಕಷ್ಟ. ಪೊಮೇರಿಯನ್‌ನಂತೆ ಬಾಲ ಬೆನ್ನ ಮೇಲೆ ಸುರುಳಿಯಾಗಿರುವ ತಳಿಗಳಲ್ಲಿ ಬಾಲವನ್ನು ಬಿಟ್ಟು ಕಿವಿ, ಬಾಯಿ, ಮೈಯ ಬಿಗಿಯನ್ನೇ ನೋಡಬೇಕು.

ಪ್ರಶ್ನೆ: ಒಂದೂವರೆ ವರ್ಷದ ಮುಧೋಳ ನಾಯಿ ಸಾಕೀವಿ. ಮನ್ಯಾಗ ಹೆಸರು ಹಿಡದು ಕರದ್ರ ಬರ್ತದ. ಹೊಲದಾಗ ಬಿಟ್ರ ಎಷ್ಟು ಒದರಿದ್ರೂ ತಿರುಗಿ ನೋಡೂದಿಲ್ಲ. ಕಿವಿ ಕೇಳ್ಸಂಗಿಲ್ಲೇನು ಅನಸ್ತದ.
– ರೈತ, ನವಲಗುಂದ ತಾಲೂಕು

ಉತ್ತರ: ಕಿವಿ ನೆಟ್ಟಗೇ ಇರುತ್ತದೆ ಅಣ್ಣಾರ. ಮುಧೋಳ ಮೂಗಿಗಿಂತ ಕಣ್ಣಿನಿಂದ ಬೇಟೆಯಾಡುವ ತಳಿ. ಎರಿಹೊಲದ ಬಯಲಿನಲ್ಲಿ ದೂರದ ಮೊಲವೊಂದು ಅಲುಗಾಡಿದರೂ ಅದರ ಲಕ್ಷ್ಯವೆಲ್ಲ ಅಲ್ಲಿಗೇ ಹೋಗುತ್ತದೆ. ಮನೆಯಲ್ಲಿ ಕಲಿತ ಕರೆ ಹೊಲದಲ್ಲಿ ತಾನಾಗಿಯೇ ಕೆಲಸ ಮಾಡುವುದಿಲ್ಲ. ಜಾಗ ಬದಲಾದಂತೆ ಪಾಠವನ್ನು ಹೊಸದಾಗಿ ಕಲಿಸಬೇಕು.

ಮೊದಲನೆಯದಾಗಿ, ಹೆಸರು ಹಿಡಿದು ಕರೆಯುವುದನ್ನು ಬಿಡಿ. ಆ ಹೆಸರನ್ನು ದಿನಕ್ಕೆ ನೂರು ಸಲ ಬೇರೆ ಬೇರೆ ಕಾರಣಕ್ಕೆ ಕೂಗಿರುತ್ತೀರಿ, ಅದಕ್ಕೆ ಬೆಲೆ ಉಳಿದಿರುವುದಿಲ್ಲ. ಒಂದು ಸೀಟಿ ಕೊಳ್ಳಿ. ಯಾರು ಊದಿದರೂ ಅದರ ಸಪ್ಪಳ ಒಂದೇ, ಅದಕ್ಕೆ ಸಿಟ್ಟಿನ ದನಿ ಬರುವುದಿಲ್ಲ, ದೂರ ಕೇಳುತ್ತದೆ. ಮೊದಲ ವಾರ ಪಡಸಾಲೆಯಲ್ಲಿ, ಎರಡು-ಮೂರು ಹೆಜ್ಜೆ ದೂರದಿಂದ. ಒಂದೇ ಸಲ ಊದಿ. ನಾಯಿ ಬಂದ ಕೂಡಲೇ, ಒಂದೆರಡು ಸೆಕೆಂಡಿನೊಳಗೆ, ಚೂರು ತತ್ತಿ ಬಾಯಿಗೆ ಬೀಳಬೇಕು. ತಡವಾದರೆ ಯಾವುದಕ್ಕೆ ಸಿಕ್ಕಿತು ಅಂತ ಅದಕ್ಕೆ ಹೊಂದುವುದಿಲ್ಲ. ಕೊಡುವ ಮೊದಲು ಇನ್ನೊಂದು ಕೈಯಿಂದ ಕೊರಳ ಬೆಲ್ಟ್ ಮೆಲ್ಲಗೆ ಹಿಡಿಯಿರಿ, ಇಲ್ಲವಾದರೆ ಕಸಿದುಕೊಂಡು ಓಡುವುದನ್ನು ಕಲಿಯುತ್ತದೆ. ಮುಂಜಾನೆ ಹತ್ತು ಸಲ, ಸಂಜೆ ಹತ್ತು ಸಲ, ಐದು ನಿಮಿಷ ಮೀರಬಾರದು. ಎರಡನೇ ವಾರ ಅಂಗಳ. ಮೂರನೇ ವಾರದಿಂದ ಹೊಲ, ಆದರೆ 10 ಮೀಟರ್ ಹಗ್ಗದ ಮೇಲೆ. ಹಗ್ಗವನ್ನು ಎದೆಪಟ್ಟಿಗೆ ಕಟ್ಟಿ, ಕೊರಳಿಗಲ್ಲ. ಓಡುವ ಭರದಲ್ಲಿ ಹಗ್ಗ ಜಗ್ಗಿದರೆ ಕತ್ತಿಗೆ ಪೆಟ್ಟಾಗುತ್ತದೆ. ಮುಧೋಳದ ತಲೆ ಸಪೂರ, ಮಾಮೂಲಿ ಬೆಲ್ಟ್ ತಲೆಯಿಂದ ಜಾರಿಬಿಡುತ್ತದೆ ಅನ್ನುವುದೂ ನೆನಪಿರಲಿ. 4-5 ಸೆಂ.ಮೀ. ಅಗಲದ್ದು ಕೊಂಡು, ಎರಡು ಬೆರಳು ತೂರುವಷ್ಟೇ ಸಡಿಲ ಇಡಿ.

ಈ ಪಾಠ ಕೆಡುವುದು ಎಲ್ಲಿ? ಕರೆದು ಸರಪಳಿ ಹಾಕುವುದು, ಕರೆದು ಜಳಕ ಮಾಡಿಸುವುದು, ತಡವಾಗಿ ಬಂದದ್ದಕ್ಕೆ ಬೈಯುವುದು. ಅರ್ಧ ತಾಸು ತಡವಾಗಿ ಬಂದರೂ ಬಂದ ಗಳಿಗೆ ಸಂತೋಷದ ಗಳಿಗೆಯೇ ಆಗಬೇಕು. ಹತ್ತು ಸಲ ಕರೆದರೆ ಒಂಬತ್ತು ಸಲ ಚೂರು ಕೊಟ್ಟು ಮತ್ತೆ ಆಡಲು ಬಿಡಿ. ಬೆನ್ನಟ್ಟಿ ಓಡಬೇಡಿ, ಅದಕ್ಕೆ ಅದು ಆಟ. ತಿರುಗಿ ನೀವೇ ದೂರ ಓಡಿದರೆ, ಇಲ್ಲವೆ ಪಕ್ಕಕ್ಕೆ ಹೊರಳಿ ಕುಕ್ಕರಗಾಲಲ್ಲಿ ಕುಳಿತರೆ ಹೆಚ್ಚಿನ ನಾಯಿಗಳು ತಾವಾಗಿ ಬರುತ್ತವೆ. ಇಷ್ಟೆಲ್ಲ ಆದ ಮೇಲೂ, ಓಟಕ್ಕೆ ಬಿದ್ದ ಮುಧೋಳವನ್ನು ಪ್ರತಿ ಸಲ ನಿಲ್ಲಿಸಬಹುದು ಅಂತ ನಾವು ಮಾತು ಕೊಡಲಾರೆವು. ಹೆದ್ದಾರಿ ಹತ್ತಿರ, ಕುರಿಹಿಂಡು ಇರುವಲ್ಲಿ ಹಗ್ಗ ಬಿಚ್ಚಬೇಡಿ.

ಪ್ರಶ್ನೆ: ನಾಯಿಗೆ ಕನ್ನಡದಾಗ ಹೇಳಬೇಕೋ ಇಂಗ್ಲಿಷಿನ್ಯಾಗೋ? ಮಕ್ಕಳು ‘ಕಮ್’ ಅಂತಾರ, ನಾವು ‘ಬಾ’ ಅಂತೀವಿ, ಅವ್ವ ‘ಬಾರೋ ಇಲ್ಲೆ’ ಅಂತಾಳ.
– ಶಿಕ್ಷಕಿ, ಹಾನಗಲ್ಲ

ಉತ್ತರ: ಭಾಷೆ ಯಾವುದಾದರೂ ಅಡ್ಡಿಯಿಲ್ಲ, ಮನೆಮಂದಿಯದೆಲ್ಲ ಒಂದೇ ಆಗಬೇಕು. ಒಂದು ಹಾಳೆಯ ಮೇಲೆ ಆರು ಮಾತು ಬರೆದು ಅಡಿಗೆಮನೆಯ ಗೋಡೆಗೆ ಅಂಟಿಸಿ. ಅವನ್ನು ಆರಿಸುವಾಗ ಒಂದು ಎಚ್ಚರ ಬೇಕು: ನಮ್ಮ ‘ಬಾ’, ‘ಬಿಡು’, ‘ಬ್ಯಾಡ’ ಮೂರೂ ಒಂದೇ ಅಕ್ಷರದಿಂದ ಶುರುವಾಗುತ್ತವೆ. ನಾಯಿಗಳು ಮಾತಿನ ಸಣ್ಣ ಸಣ್ಣ ಧ್ವನಿ ವ್ಯತ್ಯಾಸಗಳಿಗೆ ನಮ್ಮಷ್ಟು ಗಮನ ಕೊಡುವುದಿಲ್ಲ ಅಂತ ಬುಡಾಪೆಸ್ಟಿನ ಸಂಶೋಧಕರು 2020ರಲ್ಲಿ ತೋರಿಸಿದ್ದಾರೆ. ತಿಳಿದ ಮಾತಿಗೂ, ಅದರಲ್ಲೇ ಒಂದು ಧ್ವನಿ ಬದಲಿಸಿದ ಅರ್ಥವಿಲ್ಲದ ಮಾತಿಗೂ ನಾಯಿಯ ಮಿದುಳು ಒಂದೇ ಥರ ಸ್ಪಂದಿಸಿತು. ಹಾಗಾಗಿ ‘ಬಾ’ ಇಟ್ಟುಕೊಂಡರೆ ‘ಬ್ಯಾಡ’ದ ಬದಲು ‘ಊಹೂಂ’ ಅನ್ನಿ, ‘ಬಿಡು’ ಬದಲು ‘ಥ್ಯಾಂಕ್ಯೂ’ ಅಂದರೂ ನಡೆಯುತ್ತದೆ. ‘ಕುಂದ್ರು’, ‘ಮಲ್ಕೋ’, ‘ನಿಲ್ಲು’ ಒಂದಕ್ಕೊಂದು ಚಲೋ ಬೇರೆಯಾಗಿ ಕೇಳುತ್ತವೆ.

ಅದೇ ಬುಡಾಪೆಸ್ಟಿನ ತಂಡ 2016ರಲ್ಲಿ ಎಂಆರ್‌ಐ ಯಂತ್ರದಲ್ಲಿ ಅಲುಗಾಡದೆ ಮಲಗಲು ಕಲಿತ ನಾಯಿಗಳ ಮಿದುಳನ್ನು ನೋಡಿತ್ತು. ಹೊಗಳಿಕೆಯ ಮಾತು ಹೊಗಳಿಕೆಯ ದನಿಯಲ್ಲೇ ಬಂದಾಗ ಮಾತ್ರ ಮಿದುಳಿನ ಸಂತೋಷದ ಭಾಗ ಚುರುಕಾಯಿತು. ಮಾತೊಂದು ದನಿಯೊಂದು ಆದರೆ ಆಗಲಿಲ್ಲ. ‘ಶಾಣ್ಯಾ’ ಅಂತ ಗದರಿಸುವ ದನಿಯಲ್ಲಿ ಹೇಳಿದರೆ ಅದು ಮುಟ್ಟುವುದಿಲ್ಲ. ಮಾತಿನ ಜೊತೆ ಪ್ರತಿ ಸಲ ಒಂದೇ ಕೈಸನ್ನೆಯನ್ನೂ ಕೂಡಿಸಿ, ಬಾಯಿ ಒಂದು ಕೈ ಒಂದು ಹೇಳಿದಾಗ ಬಹಳಷ್ಟು ನಾಯಿಗಳು ಕೈಯನ್ನೇ ನಂಬುತ್ತವೆ.

ಪ್ರಶ್ನೆ: ನಾವು ಹೊರಗ ಹೋಗಿ ಬರೂದ್ರಾಗ ಮನ್ಯಾಗ ಉಚ್ಚಿ ಹೊಯ್ದಿರ್ತದ. ಬಾಗಿಲಾ ತೆಗೆದ ಕೂಡ್ಲೆ ತಪ್ಪು ಮಾಡಿದವರಾಂಗ ತಲಿ ಬಗ್ಗಿಸ್ತದ. ಗೊತ್ತಿದ್ದೂ ಯಾಕ ಮಾಡ್ತದ?
– ಬ್ಯಾಂಕ್ ನೌಕರ, ಹಾವೇರಿ

ಉತ್ತರ: ಅದು ತಪ್ಪೊಪ್ಪಿಗೆ ಅಲ್ಲ, ನಿಮ್ಮ ಮುಖ ಕಂಡು ಬಂದ ಅಂಜಿಕೆ. 2009ರಲ್ಲಿ ಅಮೆರಿಕದಲ್ಲಿ ನಡೆದ ಪ್ರಯೋಗವೊಂದರಲ್ಲಿ ತಪ್ಪು ಮಾಡಿದ್ದರೂ ಮಾಡದಿದ್ದರೂ ಒಡೆಯ ಬೈದಾಗಲೇ ನಾಯಿಗಳು ಆ ಮುಖ ಮಾಡಿದವು. ತಾಸುಗಟ್ಟಲೆ ಹಿಂದೆ ಹೊಯ್ದ ಉಚ್ಚೆಗೂ ಈಗಿನ ಬೈಗುಳಕ್ಕೂ ನಾಯಿ ಸಂಬಂಧ ಕಟ್ಟುವುದಿಲ್ಲ. ನೀವು ಮನೆಗೆ ಬರುವುದೇ ಹೆದರಿಕೆಯ ಸಂಗತಿ ಅಂತ ಕಲಿಯುತ್ತದೆ, ಹೆದರಿದ ನಾಯಿ ಇನ್ನಷ್ಟು ಹೊಯ್ಯುತ್ತದೆ. ಹೊರಡುವ ಮೊದಲು ಹತ್ತು ನಿಮಿಷ ಹೊರಗೆ ಅಡ್ಡಾಡಿಸಿ, ಹೊರಗೆ ಹೊಯ್ದ ಕ್ಷಣದಲ್ಲೇ ಚೂರು ಕೊಡಿ. ಹೊಯ್ದ ಜಾಗವನ್ನು ಫಿನಾಯಿಲಿನ ಬದಲು ಬಟ್ಟೆ ಸೋಪಿನ ಪುಡಿಯ ನೀರಿನಿಂದ ಎರಡು ಸಲ ತೊಳೆಯಿರಿ, ವಾಸನೆ ಉಳಿದರೆ ಮತ್ತೆ ಅಲ್ಲಿಗೇ ಹೋಗುತ್ತದೆ. ಹೊಸದಾಗಿ ಶುರುವಾಗಿದ್ದರೆ, ನೀರು ಜಾಸ್ತಿ ಕುಡಿಯುತ್ತಿದ್ದರೆ ಮೂತ್ರ ಪರೀಕ್ಷೆ ಮಾಡಿಸಿ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನ್ಯಾಗ ಭಾಳ ತಕರಾರು ಬಂದಾವ. ನಾವಿಬ್ಬರೂ ಕೆಲಸಕ್ಕ ಹ್ವಾದ್ರ ನಾಯಿ ಇಡೀ ದಿನಾ ಬೊಗಳ್ತದಂತ.
– ದಂಪತಿ, ಗೋಕುಲ ರಸ್ತೆ, ಹುಬ್ಬಳ್ಳಿ

ಉತ್ತರ: ಮೊದಲು ಒಂದು ಹಳೆಯ ಫೋನಿನಲ್ಲಿ ವಿಡಿಯೊ ಹಚ್ಚಿಟ್ಟು ಹೋಗಿ. ಬೇಸರದ ಬೊಗಳು ಬೇರೆ, ಒಂಟಿತನದ ಭಯ ಬೇರೆ. ಬೇಸರವಾದ ನಾಯಿ ಮೊದಲು ಮಲಗಿ, ಆಮೇಲೆ ಎದ್ದು ಸಪ್ಪಳವಾದಾಗ ಬೊಗಳುತ್ತದೆ, ಸಿಕ್ಕದ್ದನ್ನು ಕಡಿಯುತ್ತದೆ. ಭಯದ ನಾಯಿ ನೀವು ಹೋದ ಮೊದಲ ಅರ್ಧ ತಾಸಿನಲ್ಲೇ ಶುರುಮಾಡುತ್ತದೆ, ಬಾಗಿಲನ್ನೇ ಕೆರೆಯುತ್ತದೆ, ಜೊಲ್ಲು ಸುರಿಸುತ್ತದೆ, ಇಷ್ಟದ ತಿಂಡಿಯನ್ನೂ ಮೂಸುವುದಿಲ್ಲ.

ಬೇಸರಕ್ಕೆ ಮದ್ದು ಸರಳ. ಮುಂಜಾನೆ 30-40 ನಿಮಿಷ ಅದರ ಇಷ್ಟದಂತೆ ಮೂಸಿಕೊಂಡು ಅಡ್ಡಾಡಲು ಬಿಡಿ, ಒಣ ಆಹಾರದ ಅರ್ಧಪಾಲನ್ನು ಹಳೆಯ ಟವೆಲ್ಲಿನಲ್ಲಿ ಸುರುಳಿ ಸುತ್ತಿ ಕೊಟ್ಟು ಹೋಗಿ, ಹುಡುಕಿ ತಿನ್ನಲಿ. ಭಯವಾದರೆ ಪಾಠ ನಿಧಾನ. ಕೀಲಿಕೈ ಎತ್ತಿಕೊಂಡು, ಚಪ್ಪಲಿ ಮೆಟ್ಟಿ, ಹೋಗದೆ ಅಲ್ಲೇ ಕುಳಿತುಬಿಡಿ. ದಿನಕ್ಕೆ ಐದಾರು ಸಲ ಹೀಗೆ ಮಾಡಿದರೆ ಆ ಸಪ್ಪಳಗಳ ಹೆದರಿಕೆ ಇಳಿಯುತ್ತದೆ. ಆಮೇಲೆ ಹೊರಗೆ ಹೋಗಿ 5 ಸೆಕೆಂಡಿಗೆ ಬನ್ನಿ, ಮುಂದೆ 10, 30, ಒಂದು ನಿಮಿಷ. ಕುಂಯ್ ಅನ್ನುವ ಮೊದಲೇ ತಿರುಗಿ ಬರಬೇಕು. ಏರುತ್ತಲೇ ಹೋಗಬೇಡಿ, ನಡುವೆ ಸಣ್ಣ ಅವಧಿಯೂ ಬರಲಿ. ಮೊದಲ ಅರ್ಧ-ಮುಕ್ಕಾಲು ತಾಸನ್ನು ಮುಟ್ಟುವುದೇ ಕಷ್ಟ, ಆ ನಂತರ ದೊಡ್ಡ ಹೆಜ್ಜೆ ಹಾಕಬಹುದು. ಪಾಠ ನಡೆದಿರುವ ವಾರಗಳಲ್ಲಿ ತಾಳಲಾರದಷ್ಟು ಹೊತ್ತು ಒಂಟಿಯಾಗಿ ಬಿಟ್ಟರೆ ಹಿಂದಿನದೆಲ್ಲ ಅಳಿಸಿಹೋಗುತ್ತದೆ, ಆದ್ದರಿಂದ ಆ ಅವಧಿಗೆ ಹಿರಿಯರನ್ನೋ ನೆರೆಯವರನ್ನೋ ಕೇಳಿಕೊಳ್ಳಿ. ಬೊಗಳಿದರೆ ಶಾಕ್ ಕೊಡುವ ಬೆಲ್ಟ್ ಕೊಳ್ಳಬೇಡಿ. ಹೆದರಿದ ಪ್ರಾಣಿಗೆ ನೋವನ್ನೂ ಕೂಡಿಸುವುದು ಅನ್ಯಾಯ.

ಪ್ರಶ್ನೆ: ಬೆಟಗೇರಿ ಕಡೆ ನೇಯ್ಗಿ ಕೆಲಸಾ ಮುಗಿಸಿ ರಾತ್ರಿ ಸೈಕಲ್ ಮೋಟಾರ್ ಮ್ಯಾಲೆ ಬರ್ತೀನಿ. ಓಣಿ ನಾಯಿಗೋಳು ಬೆನ್ನ ಹತ್ತತಾವ. ಹಗಲಿ ಅವೇ ನಾಯಿ ಸುಮ್ಮನ ಮಲಗಿರ್ತಾವ. ಏನ್ ಮಾಡ್ಲಿ?
– ನೇಕಾರ, ಗದಗ-ಬೆಟಗೇರಿ

ಉತ್ತರ: ರಾತ್ರಿ ಓಣಿ ಖಾಲಿಯಾದಾಗ ಅದು ಅವುಗಳ ಸೀಮೆ. ಬೇರೆ ಓಣಿಯ ನಾಯಿಗಳು ನಿಮ್ಮ ಗಾಲಿಗೆ ಹೊಯ್ದ ಉಚ್ಚೆಯ ವಾಸನೆ, ಓಡುವ ವಸ್ತು, ಎಂಜಿನ್ನಿನ ಸಪ್ಪಳ ಮೂರೂ ಕೂಡಿದಾಗ ಬೆನ್ನುಹತ್ತುತ್ತವೆ. ನೀವು ವೇಗ ಏರಿಸಿದರೆ ಅವೂ ಏರಿಸುತ್ತವೆ, ಬಹಳಷ್ಟು ಜನರಿಗೆ ಪೆಟ್ಟಾಗುವುದು ಕಚ್ಚಿದ್ದರಿಂದಲ್ಲ, ಬಿದ್ದದ್ದರಿಂದ. ಓಣಿಯ ತಿರುವಿನಲ್ಲೇ ನಡಿಗೆಯ ವೇಗಕ್ಕೆ ಇಳಿಸಿ. ಬೆನ್ನು ಹತ್ತಿದರೆ ನಿಲ್ಲಿಸಿ, ಕಾಲಿನಿಂದ ಒದೆಯಬೇಡಿ, ಅವುಗಳ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ. ಓಟ ನಿಂತರೆ ಆಟವೂ ನಿಲ್ಲುತ್ತದೆ. ನಡೆದು ಹೋಗುವವರಾದರೆ ಪಕ್ಕಕ್ಕೆ ತಿರುಗಿ, ಕೈ ಕಟ್ಟಿಕೊಂಡು, ನೆಲ ನೋಡುತ್ತ ನಿಂತು, ಅವು ಸುಮ್ಮನಾದ ಮೇಲೆ ಮೆಲ್ಲಗೆ ಸರಿಯಬೇಕು. ಕೆಳಗೆ ಬಿದ್ದರೆ ಮುದುಡಿಕೊಂಡು ಕಿವಿ, ಕುತ್ತಿಗೆ ಮುಚ್ಚಿಕೊಳ್ಳಿ. ಕಾರ್ತಿಕದ ಆಸುಪಾಸಿನಲ್ಲಿ ಕೂಡಿದ ನಾಯಿಗಳು ಸುಮಾರು 63 ದಿನಕ್ಕೆ ಮರಿ ಹಾಕುತ್ತವೆ, ಚಳಿಗಾಲದಲ್ಲಿ ಗಟಾರದ ಬದಿ, ಕಟ್ಟಡದ ಸಂದಿಯಲ್ಲಿ ಕುನ್ನಿಗಳಿದ್ದರೆ ಆ ದಾರಿಯನ್ನೇ ಬಿಡುವುದು ಒಳ್ಳೆಯದು.

ಹಗಲು ಹೊತ್ತಿನಲ್ಲಿ ಪರಿಚಯ ಮಾಡಿಕೊಳ್ಳುವುದು ಖಾಯಂ ಪರಿಹಾರ. ಕೋಲ್ಕತ್ತದ ಐಸರ್ ವಿಜ್ಞಾನ ಸಂಶೋಧನಾ ಸಂಸ್ಥೆಯ ಅನಿಂದಿತಾ ಭದ್ರ ಅವರ ತಂಡ ಬೀದಿನಾಯಿಗಳ ಮೇಲೆಯೇ ಕೆಲಸ ಮಾಡಿದೆ. 2017ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ, ಅಪರಿಚಿತರ ಮೇಲೆ ಬೀದಿನಾಯಿಗೆ ನಂಬಿಕೆ ಬೆಳೆಯಲು ತಿನಿಸಿಗಿಂತ ತಲೆ ಸವರುವುದು ಹೆಚ್ಚು ಕೆಲಸ ಮಾಡಿತು. 2020ರ ಇನ್ನೊಂದರಲ್ಲಿ, ಯಾವ ತರಬೇತಿಯೂ ಇಲ್ಲದ ನಾಯಿಗಳಲ್ಲಿ ಹತ್ತಿರ ಬಂದವುಗಳ ಪೈಕಿ ಸುಮಾರು ಶೇ. 80ರಷ್ಟು, ಮನುಷ್ಯರು ಕೈ ತೋರಿಸಿದ ಬೋಗಾಣಿಯ ಕಡೆಗೇ ಹೋದವು. ಆದರೆ ಅರ್ಧದಷ್ಟು ನಾಯಿಗಳು ಅಂಜಿ ಹತ್ತಿರವೇ ಬರಲಿಲ್ಲ. ಅಂಥವನ್ನು ಮುಟ್ಟಲು ಹೋಗಬೇಡಿ, ದಿನಾ ಅದೇ ಹೊತ್ತಿಗೆ ಅದೇ ದನಿಯಲ್ಲಿ ಮಾತಾಡಿಸಿ ಸಾಕು.

ಒಂದು ಕಿವಿಯ ತುದಿ ಕತ್ತರಿಸಿದ್ದರೆ ಆ ನಾಯಿಗೆ ಸಂತಾನಹರಣ ಚಿಕಿತ್ಸೆ ಆಗಿದೆ, ಆಗ ರೇಬೀಸ್ ಲಸಿಕೆಯನ್ನೂ ಹಾಕಿರುತ್ತಾರೆ. ಅನ್ನ ಹಾಕುವವರು 2023ರ ಪ್ರಾಣಿ ಸಂತಾನ ನಿಯಂತ್ರಣ (ಎಬಿಸಿ) ನಿಯಮಗಳನ್ನು ತಿಳಿದಿರಲಿ: ಮಕ್ಕಳು ಆಡುವ ಜಾಗ, ಕಟ್ಟಡದ ಬಾಗಿಲು, ಮೆಟ್ಟಿಲು ಇವುಗಳಿಂದ ದೂರ, ಮಕ್ಕಳು-ವಯಸ್ಸಾದವರು ಓಡಾಡದ ಹೊತ್ತಿನಲ್ಲಿ ಹಾಕಬೇಕು.

ಕಚ್ಚಿದರೆ, ಉಗುರಿನಿಂದ ಪರಚಿದರೂ, ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ಗಡಿಯಾರ ನೋಡಿ ತೊಳೆಯಿರಿ. ಖಾರದಪುಡಿ, ಅರಿಷಿಣ, ಸುಣ್ಣ ಯಾವುದೂ ಬೇಡ, ಗಾಯ ಹೊಲಿಸಲೂ ಅವಸರ ಬೇಡ. ಅದೇ ದಿನ ಸರಕಾರಿ ಆಸ್ಪತ್ರೆಗೆ ಹೋಗಿ. ಚರ್ಮದೊಳಗೆ ಕೊಡುವ ಪದ್ಧತಿಯಾದರೆ ಚುಚ್ಚುಮದ್ದು ಮೊದಲ ದಿನ (ಅದನ್ನು 0 ಅಂತ ಎಣಿಸಿ), ಆಮೇಲೆ 3, 7, 28ನೇ ದಿನ. ಸ್ನಾಯುವಿಗೆ ಕೊಡುವ ಪದ್ಧತಿಯಾದರೆ 14ನೇ ದಿನವೂ. ಚರ್ಮ ಹರಿದು ರಕ್ತ ಬಂದಿದ್ದರೆ ಗಾಯದ ಸುತ್ತ ಇಮ್ಯುನೋಗ್ಲಾಬ್ಯುಲಿನ್ ಅನ್ನುವ ಸಿದ್ಧ ಪ್ರತಿಕಾಯದ ಚುಚ್ಚುಮದ್ದು ಕೂಡ ಬೇಕು, ಕೇಳಿ ಹಾಕಿಸಿಕೊಳ್ಳಿ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸುವ ಔಷಧವಿಲ್ಲ.

ಪ್ರಶ್ನೆ: ಕಪ್ಪತಗುಡ್ಡದ ಅಂಚಿನ್ಯಾಗ ಕುರಿ ಮೇಯಸ್ತೀವಿ, ತೋಳದ ಕಾಟ ಐತಿ. ಹೊಸಾ ಕುನ್ನಿ ತಂದೀವಿ, ಹತ್ತು ತಿಂಗಳದ್ದು ಆಗೇತಿ. ತೋಳಾ ಕಾಯೂದ್ ಬಿಟ್ಟು ತಾನ ಮರಿಗೋಳ ಬೆನ್ನ ಹತ್ತಾಕತ್ತೈತಿ.
– ಕುರಿಗಾರ, ಮುಂಡರಗಿ ತಾಲೂಕು

ಉತ್ತರ: ಕುನ್ನಿ ಎಲ್ಲಿ ಬೆಳೆಯಿತು ಅನ್ನುವುದರ ಮೇಲೆ ಎಲ್ಲ ನಿಂತಿದೆ. ನಾಯಿಗೆ 3ರಿಂದ 14 ವಾರದವರೆಗೆ ಯಾರ ಸಹವಾಸ ಸಿಗುತ್ತದೋ ಅವರೇ ಬಳಗ. ಕಾವಲಿಗೆ ಬೇಕಾದ ಕುನ್ನಿಯನ್ನು ತಾಯಿಯ ಹತ್ತಿರ 8 ವಾರ ಬಿಟ್ಟು, ಆಮೇಲೆ ಹಟ್ಟಿಯಲ್ಲೇ ಇಡಬೇಕು: ನಾಲ್ಕಾರು ಸಮಾಧಾನದ ಮುದಿ ಕುರಿಗಳ ಜೊತೆ, ಮೂಲೆಯಲ್ಲಿ ಅದಕ್ಕೆ ಮಾತ್ರ ನುಸುಳಲು ಬರುವ ಕಿಂಡಿಯ ಗೂಡು ಮಾಡಿ. ಮನುಷ್ಯರೂ ದಿನಾ ಮುಟ್ಟಿ, ಕೊರಳಪಟ್ಟಿ ಹಾಕಿ, ಕಾಲು-ಬಾಯಿ ನೋಡಿ ರೂಢಿ ಮಾಡಿಸಬೇಕು, ಇಲ್ಲವಾದರೆ ಮುಂದೆ ಗಾಯವಾದಾಗ ಹಿಡಿಯಲು ಬರುವುದಿಲ್ಲ.

ನಿಮ್ಮದು ಈಗ ಹರೆಯದ ನಾಯಿ. 6ರಿಂದ 18 ತಿಂಗಳವರೆಗೆ ಚಲೋ ಕಾವಲುನಾಯಿಯಾಗುವಂಥದ್ದೂ ಮರಿಗಳ ಜೊತೆ ಓಡಾಟದ ಆಟಕ್ಕೆ ಬೀಳುತ್ತದೆ. ಓಡುವ ಮರಿ ಸಿಗದಂತೆ ಮಾಡುವುದೇ ಉಪಾಯ. ಮರಿಗಳ ದೊಡ್ಡಿಯಿಂದ ತೆಗೆದು, ಗುದ್ದಿ ದೂಡುವ ದೊಡ್ಡ ಕುರಿ-ಟಗರುಗಳ ನಡುವೆ ಇಡಿ. ಮೇಯಿಸಲು ಹೋದಾಗ ಉದ್ದ ಹಗ್ಗದಲ್ಲಿ ನಿಮ್ಮ ಕಣ್ಣೆದುರೇ ಇರಲಿ. ಮರಿ ಕಂಡು ಕಿವಿ ನಿಗುರಿಸಿ ತಲೆ ತಗ್ಗಿಸಿದ ಕೂಡಲೇ ‘ಊಹೂಂ’ ಅಂದು ದಿಕ್ಕು ಬದಲಿಸಿ. ಓಟ ಶುರುವಾದ ಮೇಲೆ ಒದರಿದರೆ ಉಪಯೋಗವಿಲ್ಲ. ಮರಿಗಳ ನಡುವೆ ನೆಲ ಮೂಸುತ್ತ ಮೆಲ್ಲಗೆ ನಡೆದರೆ ಹೊಗಳಿ. ಕುನ್ನಿಗೆ ಮುಧೋಳ ಬೆರಕೆ ಇದ್ದರೆ ಬೆನ್ನಟ್ಟುವುದು ರಕ್ತದಲ್ಲೇ ಬಂದದ್ದು, ಅದನ್ನು ಹಿಂಡಿನೊಳಗೆ ಒಂಟಿಯಾಗಿ ಬಿಡಬೇಡಿ. ತೋಳ ಹಿಡಿಯುವುದು ಕೊರಳನ್ನೇ, ಆದ್ದರಿಂದ ಮೊಳೆಪಟ್ಟಿ ಹಾಕಿ. ಒಂಟಿ ನಾಯಿ ತೋಳಗಳ ಗುಂಪಿಗೆ ಸಾಲುವುದಿಲ್ಲ, ಎರಡು ಮೂರು ಬೇಕು.

ಕುರಿ ಕೊಯ್ದಾಗ ಹಸಿ ಕಾಳಿಜ, ಪುಪ್ಪುಸ ನಾಯಿಗೆ ಎಸೆಯಬೇಡಿ. ನೀರುಗುಳ್ಳೆ ಇದ್ದರೆ ಅದರಿಂದ ಲಾಡಿಹುಳು ನಾಯಿಯ ಹೊಟ್ಟೆ ಸೇರಿ, ಅದರ ಮಲದಿಂದ ಮನುಷ್ಯರ ಯಕೃತ್ತಿನಲ್ಲೂ ಗುಳ್ಳೆಯಾಗುತ್ತದೆ. ಹಿಂಡಿನ ನಾಯಿಗೆ ಪ್ರಾಜಿಕ್ವಾಂಟೆಲ್ ಗುಳಿಗೆಯನ್ನು ಎಷ್ಟು ದಿನಕ್ಕೊಮ್ಮೆ ಕೊಡಬೇಕು ಅಂತ ತೂಕ ಹೇಳಿ ಪಶುವೈದ್ಯರಿಂದ ಬರೆಸಿಕೊಳ್ಳಿ.

ಪ್ರಶ್ನೆ: ನಮ್ಮ ದೇವರಗುಡ್ಡದ ಮಾಲತೇಶನ ಗೊರವರು ದೇವರ ನಾಯಿಗಳಂತ ಅನಿಸ್ಕೋತಾರ. ನಾಯಿ ಮ್ಯಾಲಿನ ಇಂಥಾ ಪ್ರೀತಿಗೆ ಹಳೇ ಶಾಸನ ಏನರ ಐತೇನ್ರಿ?
– ನಿವೃತ್ತ ಶಿಕ್ಷಕರು, ರಾಣೇಬೆನ್ನೂರು

ಉತ್ತರ: ಇದೆ, ಆದರೆ ನಮ್ಮ ಭಾಗದ್ದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು ಶಕ 872, ಅಂದರೆ ಕ್ರಿ.ಶ. 949-50ರದ್ದು. ಚೋಳರ ವಿರುದ್ಧದ ತಕ್ಕೋಲದ ಯುದ್ಧದಲ್ಲಿ ಶೌರ್ಯ ತೋರಿದ ಮಣಲೇರನಿಗೆ ಗಂಗರ ದೊರೆ ಬೂತುಗ ‘ಬೇಕಾದ್ದು ಕೇಳು’ ಅಂದಾಗ ಅವನು ಕೇಳಿದ್ದು ‘ಕಾಳಿ’ ಅನ್ನುವ ನಾಯಿಯನ್ನು. ಅದು ದೊಡ್ಡ ಹಂದಿಯ ಜೊತೆ ಕಾದಾಡಿ, ಎರಡೂ ಸತ್ತವು. ಅದಕ್ಕಾಗಿ ಗುಡಿಯ ಮುಂದೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ಆ ಕಲ್ಲಿಗೆ ಪೂಜೆ ಮಾಡದೆ ಉಂಡ ಗೊರವನಿಗೆ ಪಾಪ ತಟ್ಟಲಿ ಅಂತಲೂ ಬರೆದಿದೆ. ಗೊರವ ಮತ್ತು ನಾಯಿ ಅಲ್ಲಿಯೂ ಒಟ್ಟಿಗೇ ಇದ್ದಾರೆ ನೋಡಿ. ಕಲ್ಲು ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಪ್ರಶ್ನೆ: ಗಣಪತಿ ಕಳಸೂ ದಿನ, ಹೋಳಿ ಜಗ್ಗಲಗಿ, ದೀಪಾವಳಿ ಮೂರಕ್ಕೂ ನಮ್ಮ ನಾಯಿ ಮಂಚದ ಬುಡಕ ನಡಗ್ತಾ ಕೂಡ್ತದ. ಎತ್ತಿ ಸಮಾಧಾನಾ ಮಾಡಿದ್ರ ಅಂಜಿಕಿ ಇನ್ನಷ್ಟು ಆಗ್ತದಂತ, ಖರೇನೇನ್ರಿ?
– ಕಾಲೇಜು ವಿದ್ಯಾರ್ಥಿನಿ, ಹಳೇ ಹುಬ್ಬಳ್ಳಿ

ಉತ್ತರ: ಖರೆ ಅಲ್ಲವ್ವ. ಹೆದರಿಕೆ ಒಂದು ಭಾವನೆ, ಸಮಾಧಾನ ಮಾಡಿದ್ದಕ್ಕೆ ಅದು ಬೆಳೆಯುವುದಿಲ್ಲ. ಹತ್ತಿರ ಬಂದರೆ ಒತ್ತಿ ಕೂರಿಸಿಕೊಳ್ಳಿ, ಮಂಚದ ಕೆಳಗೇ ಇರುತ್ತೇನೆ ಅಂದರೆ ಎಳೆಯಬೇಡಿ. ನಾಯಿಯ ಕಿವಿ ನಮ್ಮದಕ್ಕಿಂತ ಚುರುಕು: ದನಿ ಎಷ್ಟು ಕೀಚಲು ಅನ್ನುವುದನ್ನು ಹರ್ಟ್ಜ್ ಲೆಕ್ಕದಲ್ಲಿ ಅಳೆದರೆ ನಾವು 20,000ದವರೆಗೆ, ನಾಯಿ ಸುಮಾರು 45,000ದವರೆಗೆ ಕೇಳುತ್ತದೆ. ಆ ದಿನ ಸಂಜೆ 4ರೊಳಗೆ ಅಡ್ಡಾಡಿಸಿ ಉಣಿಸಿ, ನಡುಮನೆಯ ಕಿಟಕಿ ಮುಚ್ಚಿ, ಪರದೆ ಎಳೆದು, ಕೂಲರ್ ಹಚ್ಚಿ. ಕೊರಳಪಟ್ಟಿಯ ಮೇಲೆ ಫೋನ್ ನಂಬರ್ ಬರೆದಿರಲಿ, ಹಬ್ಬದ ದಿನ ಬಾಗಿಲು ತೆರೆದಿದ್ದರೆ ಹೆದರಿದ ನಾಯಿ ತಪ್ಪಿಸಿಕೊಂಡು ಓಡುತ್ತದೆ.

ಮುಂದಿನ ಹಬ್ಬಕ್ಕೆ ನಾಲ್ಕು ವಾರ ಮೊದಲು ಪಾಠ ಶುರುಮಾಡಿ. ಪಟಾಕಿ, ಹಲಗಿ ಸಪ್ಪಳದ ರೆಕಾರ್ಡಿಂಗನ್ನು ನಾಯಿ ಕಿವಿ ಮಾತ್ರ ಅಲುಗಿಸುವಷ್ಟು ಸಣ್ಣಗೆ ಹಚ್ಚಿ. ಸಪ್ಪಳ ಬಂದ ಮೇಲೆ ಚೂರು, ಸಪ್ಪಳ ನಿಂತರೆ ಚೂರು ಇಲ್ಲ. ದಿನಕ್ಕೆ ಐದು ನಿಮಿಷ, ಎರಡು ಮೂರು ದಿನಕ್ಕೊಮ್ಮೆ ತುಸು ಏರಿಸಿ. ತಿನ್ನುವುದನ್ನು ಬಿಟ್ಟರೆ ಸಪ್ಪಳ ಜಾಸ್ತಿಯಾಯಿತು ಅಂತ. ಮನೆಯಲ್ಲಿರುವ ನಿದ್ದೆಗುಳಿಗೆ ಕೊಡಬೇಡಿ. ಮೈ ಮಂಪರು ಮಾಡುವ ಔಷಧವೇ ಬೇರೆ, ಹೆದರಿಕೆ ತಗ್ಗಿಸುವುದೇ ಬೇರೆ. ಮೈ ಅಲುಗದೆ ಒಳಗೊಳಗೇ ಹೆದರುವ ಸ್ಥಿತಿ ಇನ್ನೂ ಕಷ್ಟದ್ದು. ಹಬ್ಬಕ್ಕೆ ಎರಡು ವಾರ ಮೊದಲೇ ಪಶುವೈದ್ಯರನ್ನು ಕಾಣಿ.

ಪ್ರಶ್ನೆ: ಹದಿಮೂರು ವರ್ಷದ ನಾಯಿ, ಈಗ ಕರದ್ರ ತಿರುಗಿ ನೋಡೂದಿಲ್ಲ. ಮುಟ್ಟಿದ್ರ ಬೆಚ್ಚಿ ಬಾಯಿ ಹಾಕ್ತದ. ನಮ್ಮನ್ನ ಮರತೈತೇನು ಅಂತ ಜೀವಕ್ಕ ಭಾಳ ಬ್ಯಾಸರ ಆಗೇತಿ.
– ಓದುಗರು, ಲಕ್ಷ್ಮೇಶ್ವರ

ಉತ್ತರ: ಮರೆತಿಲ್ಲ, ಬಹುಶಃ ಕೇಳಿಸುತ್ತಿಲ್ಲ. ಅದು ಅತ್ತ ಮುಖ ಮಾಡಿ ಎಚ್ಚರವಾಗಿದ್ದಾಗ ಹಿಂದಿನಿಂದ, ಗಾಳಿ-ನೆಲ ಅದುರದಂತೆ, ಕೀಲಿಗೊಂಚಲು ಅಲ್ಲಾಡಿಸಿ. ಕಿವಿ ಅಲುಗದಿದ್ದರೆ ಕಿವುಡು. ಒಳಗೆ ಕೊಳೆ ತುಂಬಿದೆಯೋ ಒಮ್ಮೆ ತೋರಿಸಿ, ವಯಸ್ಸಿನದಾದರೆ ತಿರುಗಿ ಬರುವುದಿಲ್ಲ. ಮಲಗಿದಾಗ ಮೇಲೆ ಕೈ ಹಾಕುವ ಬದಲು ಮೂಗಿನ ಮುಂದೆ ಅಂಗೈ ಹಿಡಿಯಿರಿ, ನಿಮ್ಮ ವಾಸನೆಗೆ ತಾನಾಗಿ ಏಳುತ್ತದೆ. ನೆಲವನ್ನು ಪಾದದಿಂದ ಎರಡು ಸಲ ತಟ್ಟಿದರೂ ಆಗುತ್ತದೆ. ಅಂಗೈ ಎದೆಗೆ ತಂದರೆ ‘ಬಾ’, ಅಂಗೈ ಕೆಳಗೆ ಒತ್ತಿದರೆ ‘ಮಲ್ಕೋ’, ಹೆಬ್ಬೆರಳು ಎತ್ತಿದರೆ ‘ಶಾಣ್ಯಾ’. ಪ್ರತಿಯೊಂದಕ್ಕೂ ಚೂರು ಕೊಡುತ್ತ ಕಲಿಸಿದರೆ ಹದಿಮೂರರಲ್ಲೂ ಕಲಿಯುತ್ತದೆ. ರಾತ್ರಿ ಅಂಗಳದಲ್ಲಿದ್ದಾಗ ಬ್ಯಾಟರಿಯನ್ನು ಅದರ ಮುಂದಿನ ನೆಲದ ಮೇಲೆ ಎರಡು ಸಲ ಮಿನುಗಿಸಿ ಕರೆಯಿರಿ, ಕಣ್ಣಿಗೆ ಬಿಡಬೇಡಿ. ಇನ್ನು ಮೇಲೆ ಹೊರಗೆ ಹಗ್ಗವಿಲ್ಲದೆ ಬಿಡಬೇಡಿ, ಗಾಡಿ ಬಂದದ್ದು ಅದಕ್ಕೆ ಕೇಳುವುದಿಲ್ಲ.